ಎರಡನೆಯ ದಿನದ ಪ್ಲೇಟು

ನಮ್ಮ ಲ್ಯಾಬಿನ ಹಿಂದೆ, ಸೈಕಲ್ ಸ್ಟ್ಯಾಂಡಿನ ಪಕ್ಕದ ತಗಡಿನ ಶೆಡ್ಡಿನಲ್ಲಿ, ಒಂದು ಟಗರು ಇತ್ತು. ಹೆಸರು ಸರದಾರ. ಕೊಲ್ಹಾಪುರದ ಆ ಲ್ಯಾಬಿಗೆ ನಾನು ಟೆಕ್ನಿಷಿಯನ್ ಆಗಿ ಸೇರಿದ ದಿನ ಅಟೆಂಡರ್ ಬಾಪು ನನಗೆ ಮೊದಲು ಪರಿಚಯ ಮಾಡಿಸಿದ್ದು ಅದನ್ನೇ. ಡಾಕ್ಟರರನ್ನೂ ಹೆಡ್ ಕ್ಲಾರ್ಕನ್ನೂ ಆಮೇಲೆ ತೋರಿಸಿದ.

ಇಷ್ಟು ಬರೆದು ಹಳೆಯ ಡೈರಿ ತೆಗೆದೆ. ಟಗರು ಬಂದದ್ದು ನಾನು ಸೇರಿದ ಎರಡನೆಯ ವರ್ಷ. ಅಂದರೆ ಮೇಲಿನ ಪ್ಯಾರಾ ಸುಳ್ಳು. ಅದನ್ನು ಹೊಡೆದು ಹಾಕುವುದಿಲ್ಲ, ಹಾಗೇ ಇರಲಿ. ಈಗ ಲ್ಯಾಬ್ ಕೆಲಸಕ್ಕೆ ಸೇರುತ್ತಿರುವ ನೀವು, ನಿವೃತ್ತರಾದವರು ಹೇಳುವ ಕತೆ ಎಷ್ಟು ನುಣ್ಣಗಿರುತ್ತದೋ ಅಷ್ಟು ಅನುಮಾನಪಟ್ಟು ಕೇಳಬೇಕು. ನನ್ನ ಬೀಳ್ಕೊಡುಗೆಯ ದಿನ ನಾನು ಹೇಳಿದ ಕತೆಗಳೆಲ್ಲ ಭಾಳ ನುಣ್ಣಗಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವುಗಳಲ್ಲಿ ಒಂದನ್ನು ಈಗ ಸರಿಯಾಗಿ ಬರೆಯಬೇಕಾಗಿದೆ.

ಟಗರು ಏಕೆ ಬೇಕಿತ್ತೆಂದು ಮೊದಲು ಹೇಳುತ್ತೇನೆ. ಗಂಟಲಿನಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಜೀವಾಣು ಇರುತ್ತದೆ. ಕೆಲವು ಮಕ್ಕಳಿಗೆ ಅದರಿಂದ ಗಂಟಲು ಬಾತು ಜ್ವರ ಬರುತ್ತದೆ. ಹಾಗೆ ಬಂದವರಲ್ಲಿ ಯಾರೋ ಕೆಲವರಿಗೆ ಮುಂದೆ ಕೀಲು ಹಿಡಿಯುತ್ತದೆ, ಎದೆಯ ಕವಾಟ ಕೆಡುತ್ತದೆ. ಆದರೆ ಬಹಳಷ್ಟು ಮಕ್ಕಳು ಅದನ್ನು ಗಂಟಲಲ್ಲಿ ಇಟ್ಟುಕೊಂಡೇ ಆಡುತ್ತಾರೆ, ಉಣ್ಣುತ್ತಾರೆ, ಶಾಲೆಗೆ ಹೋಗುತ್ತಾರೆ. ಏನೂ ಆಗುವುದಿಲ್ಲ. ಕೆಲವು ವಾರ ಇದ್ದು ತಾನೇ ಹೋಗುತ್ತದೆ, ಮತ್ತೆ ಬರುತ್ತದೆ. ಇಂಥ ಗಟ್ಟಿಮುಟ್ಟಾದ ಮಕ್ಕಳು ಎಷ್ಟು ಮಂದಿ ಎಂದು ನೋಡಲು ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಮೂರೂ ಊರಿನ ಶಾಲೆಗಳಲ್ಲಿ ಸರ್ವೆ ಮಾಡುವ ಕೆಲಸ ನಮ್ಮ ಲ್ಯಾಬಿಗೆ ಬಂತು. ಗಂಟಲಿನಿಂದ ಹತ್ತಿಯ ಕಡ್ಡಿಯಲ್ಲಿ ಸ್ವಾಬ್ ತೆಗೆದು, ಅದನ್ನು ಅಗರ್ ಎಂಬ ಲೋಳೆಗೆ ರಕ್ತ ಬೆರೆಸಿ ಹೊಯ್ದ ಪ್ಲೇಟಿನ ಮೇಲೆ ಗೀರಿದರೆ ಜೀವಾಣು ಬೆಳೆಯುತ್ತದೆ; ಸುತ್ತಲಿನ ರಕ್ತವನ್ನು ತಿಂದು ತಿಳಿಯಾದ ಬಳೆ ಮಾಡುತ್ತದೆ. ಆ ರಕ್ತ ಕುರಿಯದೇ ಆಗಬೇಕು. ಅದಕ್ಕೆ ಸರದಾರ.

ಅವನ ಕುತ್ತಿಗೆಯ ನರದಿಂದ ರಕ್ತ ತೆಗೆದು, ಗಾಜಿನ ಮಣಿ ಹಾಕಿದ ಫ್ಲಾಸ್ಕಿನಲ್ಲಿ ಹೆಪ್ಪುಗಟ್ಟದಂತೆ ತೋಳು ಸೋಲುವವರೆಗೆ ಅಲ್ಲಾಡಿಸುತ್ತಿದ್ದೆವು. ಗೀರಿದ ಪ್ಲೇಟುಗಳನ್ನು ಬಿಸ್ಕತ್ತಿನ ದೊಡ್ಡ ಡಬ್ಬಿಯಲ್ಲಿಟ್ಟು, ಒಳಗೆ ಒಂದು ಮೇಣದಬತ್ತಿ ಹಚ್ಚಿ ಮುಚ್ಚಳ ಹಾಕುತ್ತಿದ್ದೆವು. ಬತ್ತಿ ತಾನೇ ಆರುತ್ತಿತ್ತು. ಆಗ ಡಬ್ಬಿಯೊಳಗಿನ ಗಾಳಿ ಜೀವಾಣುವಿಗೆ ಹಿತವಾಗುತ್ತಿತ್ತು. ಬೆಚ್ಚಗಿನ ಅಗರ್, ರಕ್ತ, ಆರಿದ ಮೇಣದಬತ್ತಿ, ಈ ಮೂರರ ವಾಸನೆ ಕೂಡಿದ್ದೇ ನನ್ನ ಉದ್ಯೋಗ. ನಿಮಗೀಗ ಐದು ನಿಮಿಷದಲ್ಲಿ ಗೆರೆ ಮೂಡುವ ಪಟ್ಟಿ ಬಂದಿದೆ. ಒಳ್ಳೆಯದೇ. ಆದರೂ ಈಗಲೂ ಮನೆಯಲ್ಲಿ ಕರೆಂಟು ಹೋಗಿ ಯಾರಾದರೂ ಮೇಣದಬತ್ತಿ ಊದಿ ಆರಿಸಿದರೆ ನನಗೆ ಒಮ್ಮೆಲೇ ಇಡೀ ಲ್ಯಾಬು ನೆನಪಾಗುತ್ತದೆ.

ನಮ್ಮ ಮೇಲಿನವರು ಇನಾಮದಾರ ಮೇಡಂ. ಅವರ ನಿಯಮ ಒಂದೇ: ಮೊದಲ ದಿನದ ಪ್ಲೇಟು ನೋಡಿ ಬಾಯಿ ಬಿಡಬಾರದು. ಮೊದಲ ದಿನ ಬಳೆ ಕಂಡರೆ ಅದನ್ನು ಹೊಸ ಪ್ಲೇಟಿಗೆ ದಾಟಿಸಿ, ಮೇಲೊಂದು ಔಷಧದ ಬಿಲ್ಲೆ ಇಡಬೇಕು. ಎರಡನೆಯ ದಿನ ಜೀವಾಣು ಆ ಬಿಲ್ಲೆಯ ಸುತ್ತ ಬೆಳೆಯದೆ ಹಿಂದೆ ಸರಿದಿದ್ದರೆ ಮಾತ್ರ ಅದು ಸ್ಟ್ರೆಪ್ಟೊಕಾಕಸ್ ಎಂದು ಮಗುವಿನ ಹೆಸರು ಬರೆಯಬೇಕು. ಮೇಡಂ ಮರಾಠಿಯವರು, ನನ್ನೊಂದಿಗೆ ಮರಾಠಿಯಲ್ಲೇ ಮಾತು. ನಾನು ಉದಗಾಂವದವನು, ಮನೆಯಲ್ಲಿ ಕನ್ನಡ. ಕನ್ನಡದ ತಾಯಂದಿರಿಗೆ ತಿಳಿಸಿ ಹೇಳುವ ಕೆಲಸ ಹಾಗೆ ನನ್ನ ಪಾಲಿಗೆ ಬಂತು.

ಇಚಲಕರಂಜಿಯ ಒಂದು ಶಾಲೆಯ ಮಾತು. ಸುತ್ತ ಮಗ್ಗಗಳ ಸದ್ದು. ಅಲ್ಲಿನ ಮಕ್ಕಳಿಗೆ ಕೂಗಿ ಮಾತಾಡಿ ರೂಢಿ, ಬಾಯಿ ತೆರೆಯಲು ಹಿಂಜರಿಯುತ್ತಿರಲಿಲ್ಲ. ಮೊದಲ ಹುಡುಗಿ ಬಾಯಿ ತೆರೆದಳು, ಒಳಗೆಲ್ಲ ಹಳದಿ. ಎರಡನೆಯವನದೂ ಹಳದಿ. ಹತ್ತನೆಯವನ ಹೊತ್ತಿಗೆ ನನ್ನ ಸ್ವಾಬುಗಳೆಲ್ಲ ಅರಿಸಿನದ ಬಣ್ಣಕ್ಕೆ ತಿರುಗಿದ್ದವು. ಕೇಳಿದರೆ, ಶಾಲೆಯ ಮರ್ಯಾದೆ ಹೋಗಬಾರದೆಂದು ಗುರೂಜಿ ಹಿಂದಿನ ದಿನವೇ ಆದೇಶ ಮಾಡಿದ್ದರು: ಉಪ್ಪು, ಅರಿಸಿನದ ನೀರಿನಿಂದ ಮೂರು ಸಲ ಗುಳುಗುಳು ಮಾಡಿ ಬರಬೇಕು. ಅವರು ಎದೆ ಸೆಟೆದು ನಿಂತು "ಆಮಚ್ಯಾ ಶಾಳೇತ ಜಂತೂ ನಾಹೀತ" ಎಂದರು. ತಮ್ಮ ಶಾಲೆಯಲ್ಲಿ ಕ್ರಿಮಿಗಳೇ ಇಲ್ಲವೆಂಬ ಮಾತು. ನಾನು ನಕ್ಕೆ, ಸ್ವಾಬ್ ತೆಗೆದೆ, ಎಲ್ಲ ಪ್ಲೇಟು ಬೋಳಾಗಿ ಬಂದವು, ಹಾಗೆಯೇ ಬರೆದುಕೊಟ್ಟೆ. ಮೇಡಂ ನನ್ನನ್ನು ಅದೇ ಶಾಲೆಗೆ ಹೇಳದೆ ಕೇಳದೆ ಮತ್ತೊಮ್ಮೆ ಕಳಿಸಿದರು. ಆಗ ಬೆಳೆಯಬೇಕಾದಷ್ಟು ಬೆಳೆಯಿತು. ಗುರೂಜಿ ನನ್ನೊಂದಿಗೆ ಮಾತು ಬಿಟ್ಟರು.

ಈ ಕತೆಗೆ ಯಾವಾಗಲೂ ನಗು ಬರುತ್ತದೆ. ನಾನೂ ನಗುತ್ತೇನೆ. ಆದರೆ ಕ್ರಿಮಿ ಎಂಬುದು ಮರ್ಯಾದೆಯ ವಿಷಯ ಎಂದು ಗುರೂಜಿ ಅಂದೇ ನನಗೆ ಹೇಳಿಕೊಟ್ಟಿದ್ದರು. ನನಗೆ ತಿಳಿಯಲಿಲ್ಲ. ತಿಳಿದಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಒಂದು ಮನೆತನ. ತಾಯಿ ಪಾರವ್ವ, ಇಬ್ಬರು ಹೆಣ್ಣುಮಕ್ಕಳು. ಕಿರಿಯವಳು ಗಂಗಾ. ಅವಳಿಗೆ ಮೊಣಕಾಲು ಬಾತು, ಆ ಬಾವು ಹಿಮ್ಮಡಿಗೆ ಇಳಿದು, ಕೊನೆಗೆ ಎದೆಯ ಕವಾಟಕ್ಕೆ ಬಂದಿತ್ತು. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ನಿಗೆಂದು ಪಾರವ್ವ ಅವಳನ್ನು ಎಸ್‌ಟಿ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ, ನಮ್ಮ ಲ್ಯಾಬ್ ಇದ್ದ ಆಸ್ಪತ್ರೆಗೆ ಕರೆತರುತ್ತಿದ್ದರು. ಹಿರಿಯವಳು ಮಹಾನಂದಾ, ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಅವಳಿಗೆ ಒಂದು ದಿನ ಕೆಮ್ಮೂ ಇರಲಿಲ್ಲ. ಅವಳ ಶಾಲೆ ನಮ್ಮ ಸರ್ವೆಯಲ್ಲಿತ್ತು. ಅವಳ ಗಂಟಲಿನ ಸ್ವಾಬನ್ನೂ ನಾನು ತೆಗೆದಿದ್ದೆ. ಪ್ಲೇಟಿನ ಮೇಲೆ ಆಗ ಮಕ್ಕಳ ಪೂರ್ತಿ ಹೆಸರು ಬರೆಯುತ್ತಿದ್ದೆವು.

ಆ ವಾರ ಸರದಾರ ಇರಲಿಲ್ಲ. ಮೂರು ಊರಿನ ಸರ್ವೆಗಾಗಿ ಅವನಿಂದ ಮೇಲಿಂದ ಮೇಲೆ ರಕ್ತ ತೆಗೆದಿದ್ದೆವು. ಬಾಪುವಿಗೆ ಅದನ್ನು ಸಹಿಸಲಾಗಲಿಲ್ಲ. ಒಂದು ಮುಂಜಾನೆ ನೋಡಿದರೆ ಶೆಡ್ಡು ಖಾಲಿ. ಬಾಪು ತಾನೂ ರಜೆ ಹಾಕಿ, ಟಗರನ್ನು ತನ್ನ ಊರಿಗೆ ನಡೆಸಿಕೊಂಡು ಹೋಗಿದ್ದ. ಪ್ಲೇಟು ಮಾಡಲೇಬೇಕಿತ್ತು. ನಾನು ರಕ್ತನಿಧಿಯಲ್ಲಿ ಅವಧಿ ಮುಗಿದು ಉಳಿದಿದ್ದ ಮನುಷ್ಯರ ರಕ್ತ ತಂದು ಬೆರೆಸಿದೆ. ಬಣ್ಣ ಒಂದೇ. ಕೆಲಸ ನಿಲ್ಲಲಿಲ್ಲವೆಂದು ನನಗೆ ಒಳಗೊಳಗೇ ಹೆಮ್ಮೆ. ಮೇಡಂ ಪುಣೆಗೆ ಹೋಗಿದ್ದರು.

ಮರುದಿನ ಗಡಹಿಂಗ್ಲಜದ ಪ್ಲೇಟುಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಮಹಾನಂದಾಳದರಲ್ಲಿ ಚಂದದ ಬಳೆಗಳು. ಅದೇ ಹೊತ್ತಿಗೆ ಪಾರವ್ವ ಗಂಗಾಳ ಇಂಜೆಕ್ಷನ್ ಮುಗಿಸಿ ಕಿಟಕಿಯ ಹತ್ತಿರ ಬಂದು ನಿಂತರು.

"ಸಾಹೇಬ್ರ, ನಮ್ಮ ಮಹಾನಂದಾಂದು ಏನ್ ಆತ್ರಿ?"

ನಾಳೆ ಹೇಳುತ್ತೇನೆ ಎನ್ನಬೇಕಿತ್ತು. ಇಷ್ಟು ದೂರದಿಂದ ಬಂದಿದ್ದಾರೆ, ಮತ್ತೊಂದು ಸಲ ಬಸ್ಸಿನ ಖರ್ಚು ಏಕೆ ಎಂದುಕೊಂಡೆ. ಹಾಗೆ ನಾನು ಹೇಳಿಕೊಳ್ಳುತ್ತ ಬಂದಿದ್ದೇನೆ. ನಿಜವಾಗಿ, ಕೈಯಲ್ಲಿ ಪ್ಲೇಟು ಹಿಡಿದ ನನಗೆ ಗೊತ್ತಿದೆ ಎಂದು ತೋರಿಸಿಕೊಳ್ಳಬೇಕಿತ್ತು.

"ಬೆಳದೈತಿ, ಅಕ್ಕಾ. ಆದ್ರ ಆಕಿಗೆ ಏನೂ ಆಗಿಲ್ಲ. ಆಕಿ ಗಟ್ಟಿ ಅದಾಳ."

ಪಾರವ್ವ ಪ್ಲೇಟು ನೋಡಲಿಲ್ಲ. ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕುಳಿತ ಗಂಗಾಳನ್ನು ನೋಡಿದರು.

"ಅಂದ್ರ ಈಕಿಗೆ ಆಕೀದ ಬಂದೈತಿ," ಎಂದರು.

ಹಾಗೇನಿಲ್ಲ ಎಂದೆ. ಅವರು ತಲೆಯಾಡಿಸಿ ಬಸ್ಸಿಗೆ ಹೋದರು.

ಅದರ ಮರುದಿನ ಬಾಪು ಸರದಾರನೊಂದಿಗೆ ಹಿಂದಿರುಗಿದ. ಕುರಿಯ ರಕ್ತದ ಹೊಸ ಪ್ಲೇಟು ಮಾಡಿ ಮಹಾನಂದಾಳ ಜೀವಾಣುವನ್ನು ದಾಟಿಸಿ ಬಿಲ್ಲೆ ಇಟ್ಟೆ. ಏನೂ ಬೆಳೆಯಲಿಲ್ಲ. ಪುಣೆಯಿಂದ ಬಂದ ಮೇಡಂ ಹಳೆಯ ಪ್ಲೇಟು ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದು ಸ್ಟ್ರೆಪ್ಟೊಕಾಕಸ್ ಅಲ್ಲವೇ ಅಲ್ಲ. ಗಂಟಲಿನಲ್ಲಿ ಸುಮ್ಮನೆ ಇರುವ, ಯಾರಿಗೂ ಕೇಡು ಮಾಡದ ಇನ್ನೊಂದು ಜೀವಾಣು. ಕುರಿಯ ರಕ್ತದಲ್ಲಿ ಅದು ಬೆಳೆಯುವುದಿಲ್ಲ. ಮನುಷ್ಯರ ರಕ್ತದಲ್ಲಿ ಬೆಳೆದು ಥೇಟ್ ಅದೇ ಬಳೆ ಮಾಡುತ್ತದೆ. ನಾವು ಟಗರು ಸಾಕುವುದು ಏಕೆಂದು ನನಗೆ ಅಂದು ಅರ್ಥವಾಯಿತು. ತಾಯಿಗೆ ಹೇಳಿಬಿಟ್ಟಿದ್ದೇನೆ ಎಂದಾಗ ಮೇಡಂ ಬಯ್ಯಲಿಲ್ಲ. ಹೋಗಿ ಹೇಳಿ ಬನ್ನಿ ಎಂದರು, ಅಷ್ಟೇ.

ಅದೇ ದಿನ ಹೊರಟೆ ಎಂದು ನನ್ನ ನೆನಪು. ಡೈರಿಯಲ್ಲಿ ಗಡಹಿಂಗ್ಲಜದ ಟಿಕೀಟು ಅಂಟಿಸಿದ್ದು ಎಂಟು ದಿನ ಬಿಟ್ಟು. ಆ ಎಂಟು ದಿನ ನಾನು ಏನು ಮಾಡುತ್ತಿದ್ದೆ, ಬರೆದಿಲ್ಲ.

ಮನೆಯಲ್ಲಿ ಮಹಾನಂದಾ ಇರಲಿಲ್ಲ. ನಾನು ಹೇಳಿದ ಮರುದಿನವೇ ಅವಳಿಗೆ ಬೇರೆ ತಾಟು, ಬೇರೆ ಹಾಸಿಗೆ ಮಾಡಿ, ಮೂರನೆಯ ದಿನ ದತ್ತವಾಡದ ಸೋದರಮಾವನ ಮನೆಗೆ ಕಳಿಸಿದ್ದರು. ಶಾಲೆ ಬಿಡಿಸಿದ್ದರು. ಗಂಗಾ ಪೂರ್ತಿ ಗಟ್ಟಿಯಾಗುವ ತನಕ ಅಲ್ಲೇ ಇರಲಿ ಎಂದರು ಪಾರವ್ವ. ಎದೆಯ ಕವಾಟ ಕೆಟ್ಟವಳು ಪೂರ್ತಿ ಗಟ್ಟಿಯಾಗುವುದು ಯಾವಾಗ? ಅಂದರೆ ಯಾವಾಗಲೂ ಅಲ್ಲೇ.

ತಪ್ಪಾಗಿದೆ, ಆ ಪ್ಲೇಟು ಸರಿ ಇರಲಿಲ್ಲ ಎಂದು ಹೇಳಿದೆ. ಟಗರಿನ ಕತೆಯನ್ನೂ ಹೇಳಿದೆ. ಪಾರವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಲೇ ಕೇಳಿದರು.

"ಅವತ್ತ ಐತಿ ಅಂದ್ರಿ. ಇವತ್ತ ಇಲ್ಲ ಅಂತೀರಿ. ನಾಳೆ ಏನಂತೀರ್ರಿ?"

ಮತ್ತೊಮ್ಮೆ ಸರಿಯಾಗಿ ನೋಡಿ ಹೇಳಿ, ಆಗ ಕರೆಸುತ್ತೇನೆ ಎಂದರು. ಅಲ್ಲಿಂದ ದತ್ತವಾಡಕ್ಕೆ ಹೋದೆ. ಕಬ್ಬಿನ ಗದ್ದೆಗಳ ನಡುವಿನ ಮನೆ. ಮಹಾನಂದಾ ಪಡಸಾಲೆಯ ತುದಿಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ಪಕ್ಕದಲ್ಲಿ ಒಂದು ತಂಬಿಗೆ. ಕೈ ತೊಳೆಯಲು ನಾನು ಅದಕ್ಕೆ ಕೈ ಚಾಚಿದಾಗ ತಡೆದಳು.

"ಅದು ನಂದರಿ, ಸರ್. ಯಾರೂ ಮುಟ್ಟಂಗಿಲ್ಲ."

ಗಂಗಾ ಹೇಗಿದ್ದಾಳೆ ಎಂದು ಎರಡು ಸಲ ಕೇಳಿದಳು. ತಾನೇನು ಮಾಡಿದ್ದೇನೆಂದು ಒಂದು ಸಲವೂ ಕೇಳಲಿಲ್ಲ. ನಾನು ಆ ತಂಬಿಗೆಯ ನೀರಿನಿಂದಲೇ ಕೈ ತೊಳೆದೆ, ಕುಡಿದೆ. ಇದು ನಾನು ಮುಂದೆ ಸೇರಿಸಿಕೊಂಡದ್ದೋ ನಿಜವಾಗಿ ಕುಡಿದೆನೋ, ಆಣೆ ಮಾಡಿ ಹೇಳಲಾರೆ. ಸ್ವಾಬ್ ತೆಗೆದದ್ದು ಮಾತ್ರ ನಿಜ.

ಈ ಸಲ ಸರದಾರನ ರಕ್ತ. ಮೊದಲ ದಿನ ಬಳೆ ಬಂತು. ಬಿಲ್ಲೆ ಇಟ್ಟೆ. ಎರಡನೆಯ ದಿನ ಜೀವಾಣು ಬಿಲ್ಲೆಯಿಂದ ಅಚ್ಚುಕಟ್ಟಾಗಿ ಹಿಂದೆ ಸರಿದಿತ್ತು. ಮೇಡಂ ಮೂರನೆಯ ದಿನವೂ ನೋಡಿದರು. ಸಂಶಯವೇ ಇರಲಿಲ್ಲ. ಮಹಾನಂದಾಳ ಗಂಟಲಲ್ಲಿ ಈಗ ಖರೇನೇ ಸ್ಟ್ರೆಪ್ಟೊಕಾಕಸ್ ಇತ್ತು. ಮೊದಲೇ ಇತ್ತೋ, ದತ್ತವಾಡದ ಮಕ್ಕಳಿಂದ ಬಂತೋ, ಹೇಳುವ ದಾರಿ ಇರಲಿಲ್ಲ. ಗಂಗಾಳ ಎದೆ ಕೆಡಿಸಿದ್ದು ಇದೇ ಹೌದೋ ಅಲ್ಲವೋ, ಅದನ್ನಂತೂ ಯಾರೂ ಹೇಳಲಾರರು. ಅವಳ ವರ್ಗದಲ್ಲಿ, ಎರಡನೆಯ ದಿನದ ಪರೀಕ್ಷೆಯಲ್ಲೂ ಗಟ್ಟಿಯಾಗಿ ನಿಂತ ಹೆಸರುಗಳು ಬೇಕಾದಷ್ಟಿದ್ದವು.

ಮತ್ತೆ ಗಡಹಿಂಗ್ಲಜಕ್ಕೆ ಹೋಗಿ ಇದನ್ನೆಲ್ಲ ಪಾರವ್ವನಿಗೆ ಹೇಳಿದೆ. ಮನೆಯಲ್ಲಿ ಎದೆ ಕೆಟ್ಟ ಮಗು ಇರುವುದರಿಂದ ಮಹಾನಂದಾಳಿಗೂ ಪೆನಿಸಿಲಿನ್ ಕೊಡುತ್ತೇವೆ, ಅದು ಹೋಗುತ್ತದೆ, ಗಂಗಾಳಿಗೆ ಇಂಜೆಕ್ಷನ್ನಿನ ಕಾವಲಿದೆ, ಇಬ್ಬರೂ ಕೂಡಿ ಇರಬಹುದು, ಇದು ಮೇಡಂ ಹೇಳಿದ ಮಾತು ಎಂದೆ. ಅವಳ ವರ್ಗದ ಬೇರೆ ಮಕ್ಕಳ ಗಂಟಲಲ್ಲೂ ಇದೆ ಎಂದೆ.

"ಮಂದಿ ಮಕ್ಕಳ ಸುದ್ದಿ ನನಗ್ಯಾಕ್ರಿ?" ಎಂದರು. "ನನ್ನ ಮನ್ಯಾಗ ಅದು ಒಬ್ಬಾಕಿ ಗಂಟಲದಾಗ ಐತಿ. ಆಕಿ ಈ ಮನಿಗೆ ಬ್ಯಾಡ."

ಪಾರವ್ವನ ಗಂಡ ಮೆಣಸಿನಕಾಯಿಯ ಚೀಲ ಹೊಲಿಯುತ್ತಲೇ ಇದ್ದರು. ನಿಜವೆಲ್ಲ ಹೇಳಿ ಮುಗಿದಿತ್ತು. ನಿಜದಿಂದ ಏನೂ ಆಗಲಿಲ್ಲ. ಹಾಗಾದರೆ ಮನೆಯವರೆಲ್ಲರ ಗಂಟಲನ್ನೂ ನೋಡುತ್ತೇನೆ ಎಂದೆ. ಪಾರವ್ವ ಸೆರಗು ಸರಿಮಾಡಿಕೊಂಡು ಬಂದು ಬೆಳಕಿಗೆ ಮುಖ ಮಾಡಿ ಕೂತರು. ಅವರದು, ಗಂಡನದು, ಗಂಗಾಳದು, ಮೂರು ಸ್ವಾಬ್ ತಂದೆ.

ಬೀಳ್ಕೊಡುಗೆಯ ದಿನ ನಾನು ಹೇಳಿದ ಕತೆಯಲ್ಲಿ ಇಲ್ಲಿ ಹೀಗಿತ್ತು: ತಾಯಿಯ ಪ್ಲೇಟಿನಲ್ಲೂ ಬೆಳೆಯಿತು, ತಾಯಿಗೆ ತಿಳಿವು ಬಂತು, ಮಗಳನ್ನು ಕರೆತಂದಳು. ಚಪ್ಪಾಳೆ ಬಿದ್ದದ್ದು ಅಲ್ಲೇ.

ತಾಯಿಯ ಪ್ಲೇಟಿನಲ್ಲಿ ಏನೂ ಬೆಳೆಯಲಿಲ್ಲ. ಮೂರೂ ಬೋಳು. ಮೊದಲ ದಿನ ಬೋಳು, ಎರಡನೆಯ ದಿನ ಬೋಳು. ಲ್ಯಾಬಿನ ರಜಿಸ್ಟರಿನಲ್ಲಿ ನನ್ನ ಕೈಬರಹದಲ್ಲೇ ಹಾಗೆ ಬರೆದಿದೆ.

ಮುಂದಿನ ಸಲ ಪಾರವ್ವ ಗಂಗಾಳನ್ನು ಕರೆದುಕೊಂಡು ಬಂದಾಗ ನಾನೇ ಹೊರಗೆ ಹೋಗಿ ಹೇಳಿದೆ.

"ಅಕ್ಕಾ, ನಿಮ್ಮ ಗಂಟಲದಾಗೂ ಬೆಳದೈತಿ."

ಅವರು ಗಂಗಾಳ ಕೈಯನ್ನು ಹಿಡಿದಿದ್ದರು, ಅದನ್ನು ಬಿಟ್ಟರು. ಆಮೇಲೆ ಕೇಳಿದರು.

"ಹಂಗಾರ ನನ್ನ ಎಲ್ಲಿಗೆ ಕಳಸೂದ್ರಿ?"

"ಎಲ್ಲಿಗೂ ಬ್ಯಾಡ. ಒಂದು ಇಂಜೆಕ್ಷನ್. ಮಹಾನಂದಾಗೂ ಒಂದು. ಮನ್ಯಾಗ ಕೂಡಿ ಇರ್ರಿ."

ಆ ಇಂಜೆಕ್ಷನ್ ಎಷ್ಟು ನೋಯುತ್ತದೆಂದು ನಿಮಗೆ ಗೊತ್ತಿದೆ. ಪಾರವ್ವ ಬೇಡದ ಮದ್ದನ್ನು ಬೇಡದ ಮೈಗೆ ಚುಚ್ಚಿಸಿಕೊಂಡು, ಕುಂಟುತ್ತ ಗೇಟಿನವರೆಗೆ ಹೋದರು. ಮಗಳ ಮೇಲಿದ್ದ ಅಪವಾದವನ್ನು ಎತ್ತಿ ನಾನು ತಾಯಿಯ ತಲೆಯ ಮೇಲಿಟ್ಟಿದ್ದೆ. ಅವರು ಅದನ್ನು ಎಷ್ಟು ವರ್ಷ ಹೊತ್ತರೋ. ಇದರ ನಂತರ ನಾನು ಒಮ್ಮೆಯೂ ಅದನ್ನು ಇಳಿಸಲು ಹೋಗಲಿಲ್ಲ. ಇಳಿಸಿದರೆ ಮತ್ತೆ ಮಹಾನಂದಾಳ ಮೇಲೆ ಬೀಳುತ್ತದೆಂಬ ಭಯ ಒಂದು. ನನ್ನ ನೌಕರಿಯ ಭಯ ಇನ್ನೊಂದು. ಯಾವುದು ದೊಡ್ಡದಿತ್ತೆಂದು ಕೇಳಬೇಡಿ.

ಆ ವಾರದಲ್ಲೇ ಮಹಾನಂದಾ ಮನೆಗೆ ಬಂದಳು.

ಮೇಡಂಗೆ ಗೊತ್ತಾಗದೆ ಇರಲಿಲ್ಲ. ಬೆಳೆದಿದೆ ಎಂದು ನಾನು ಬರೆದುಕೊಟ್ಟಿದ್ದ ಇಂಜೆಕ್ಷನ್ನಿನ ಚೀಟಿಯನ್ನೂ ರಜಿಸ್ಟರನ್ನೂ ಒಟ್ಟಿಗೆ ಇಟ್ಟುಕೊಂಡು ನನ್ನನ್ನು ಕರೆಸಿದರು. ಪಾರವ್ವನ ಹೆಸರಿನ ಮುಂದೆ ಬೆಳೆದಿಲ್ಲ ಎಂದು ಬರೆದದ್ದರ ಮೇಲೆ ಅವರ ಬೆರಳಿತ್ತು. ನಾನು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ನನ್ನ ಮೇಲೆ ಕಾಗದ ಬರೆಯುತ್ತಾರೆ, ಬರೆಯಬೇಕಾದ್ದೇ ಎಂದು ನಿಂತಿದ್ದೆ.

"ಮುಲಗೀ ಘರೀ ಆಲೀ ಕಾ?" ಎಂದು ಕೇಳಿದರು. ಹುಡುಗಿ ಮನೆಗೆ ಬಂದಳೆ ಎಂದು.

"ಆಲೀ," ಎಂದೆ.

ರಜಿಸ್ಟರ್ ಮುಚ್ಚಿದರು. ನಾನು ಬಾಗಿಲಿಗೆ ಬಂದಾಗ ಹಿಂದಿನಿಂದ, ಇನ್ನೊಮ್ಮೆ ಹೀಗಾದರೆ ತಾವೇ ನನ್ನನ್ನು ಕೆಲಸದಿಂದ ತೆಗೆಸುವುದಾಗಿ ಹೇಳಿದರು. ಅದೇ ದನಿಯಲ್ಲಿ, ಸರದಾರನಿಗೆ ಎರಡು ವಾರ ರಜೆ ಎಂದೂ ಹೇಳಿದರು.

ಕೆಲಸದ ರೀತಿ ಆಗ ಬದಲಾಯಿತು. ಶಾಲೆಯ ಸರ್ವೆಯ ಪ್ಲೇಟುಗಳ ಮೇಲೆ ಮಕ್ಕಳ ಹೆಸರು ಬರೆಯುವುದನ್ನು ನಿಲ್ಲಿಸಿದೆವು. ಒಂದು ಬಟ್ಟೆಯ ಚೀಲದಲ್ಲಿ ಅಂಕಿಯ ಚೀಟಿಗಳು. ಮಗು ಕೈಹಾಕಿ ಒಂದನ್ನು ತೆಗೆಯಬೇಕು, ಆ ಅಂಕಿಯೇ ಪ್ಲೇಟಿನ ಮೇಲೆ. ಯಾರಿಗೆ ಯಾವುದು ಬಂತೆಂದು ಯಾರೂ ಬರೆದುಕೊಳ್ಳುವಂತಿಲ್ಲ. ನಮಗೆ ಬೇಕಿದ್ದದ್ದು ಎಷ್ಟು ಮಂದಿ ಎಂಬುದೇ ಹೊರತು ಯಾರು ಎಂಬುದಲ್ಲ. ಇದು ನನ್ನ ಯೋಚನೆ ಎಂದು ಬಹಳ ಕಾಲ ಹೇಳಿಕೊಂಡು ತಿರುಗಿದೆ. ಅದರ ಮೊದಲ ಟಿಪ್ಪಣಿ ಮೇಡಂ ಅಕ್ಷರದಲ್ಲಿದೆ.

ಗಂಗಾಳ ಇಂಜೆಕ್ಷನ್ ಕೆಲವು ವರ್ಷ ನಮ್ಮಲ್ಲೇ ನಡೆಯಿತು. ಮುಂದೆ ಅವರ ಊರಿನಲ್ಲೇ ಕೊಡತೊಡಗಿದರು, ಬರುವುದು ನಿಂತಿತು. ನನಗೆ ಗೊತ್ತಿರುವುದು ಅಲ್ಲಿಗೆ ಮುಗಿಯಿತು.

ಆದರೆ ಅದಕ್ಕೂ ಮೊದಲು, ಮಳೆಗಾಲ ಮುಗಿದ ಮೇಲೆ, ಸರ್ವೆಯ ಎರಡನೆಯ ಸುತ್ತಿಗೆ ಗಡಹಿಂಗ್ಲಜದ ಅದೇ ಶಾಲೆಗೆ ಹೋಗಿದ್ದೆ. ವರಾಂಡದಲ್ಲಿ ಸಾಲು. ನನ್ನ ಮುಂದೆ ಬಂದು ನಿಂತವಳು ಮಹಾನಂದಾ. ಎತ್ತರವಾಗಿದ್ದಳು. ನನ್ನ ಗುರುತು ಸಿಕ್ಕಿತು; ಬಾಯಿ ತೆರೆಯಲಿಲ್ಲ. ಹಿಂದಿನ ಹುಡುಗಿಯರು ಹೆದರಿದಳು ನೋಡು ಎಂದು ಕಿಸಿಕಿಸಿ ನಕ್ಕರು. ಅವಳು ನನಗಷ್ಟೇ ಕೇಳುವಂತೆ ಹೇಳಿದಳು.

"ಸರ್, ಈ ಸಲ ಬೆಳದ್ರ ಅವ್ವಗ ಹೇಳಬ್ಯಾಡ್ರಿ."

ನಾನು ಚೀಲ ಮುಂದೆ ಹಿಡಿದೆ. ಒಂದು ಚೀಟಿ ತೆಗೆ, ಬಿಚ್ಚಬೇಡ, ಮಡಿಚಿದ್ದನ್ನು ಹಾಗೆಯೇ ಡಬ್ಬಿಯ ಹತ್ತಿರ ಕುಳಿತ ಬಾಪುವಿಗೆ ಕೊಡು ಎಂದೆ. ಬಾಪುವಿಗೆ ನೀನು ಯಾರೆಂದು ಗೊತ್ತಿಲ್ಲ, ನನಗೆ ನಿನ್ನ ಅಂಕಿ ಯಾವುದೆಂದು ಗೊತ್ತಾಗುವುದಿಲ್ಲ ಎಂದು ತಿಳಿಸಿದೆ. ಅವಳು ಯೋಚಿಸಿದಳು.

"ನಿಮಗೂ ಗೊತ್ತಾಗಂಗಿಲ್ಲ?"

"ನನಗೂ ಗೊತ್ತಾಗಂಗಿಲ್ಲ."

ಚೀಟಿ ತೆಗೆದು ಬಾಪುವಿಗೆ ಕೊಟ್ಟು ಬಂದಳು. ಕಿಟಕಿಯ ಬೆಳಕಿಗೆ ತಿರುಗಿ ಬಾಯಿ ಅಗಲವಾಗಿ ತೆರೆದಳು.

ಎರಡು ದಿನ ಬಿಟ್ಟು ಕೊಲ್ಹಾಪುರದಲ್ಲಿ ಆ ಶಾಲೆಯ ಪ್ಲೇಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆ. ಕೆಲವು ಬೋಳಾಗಿದ್ದವು, ಕೆಲವುಗಳಲ್ಲಿ ಬಳೆ ಎದ್ದು, ಜೀವಾಣು ಬಿಲ್ಲೆಯಿಂದ ಹಿಂದೆ ಸರಿದಿತ್ತು. ಅವಳದು ಇವುಗಳಲ್ಲಿ ಯಾವುದೋ ಒಂದು. ಎಲ್ಲವನ್ನೂ ಎಣಿಸಿ, ಎಷ್ಟು ಎಂದಷ್ಟೇ ಬರೆದೆ.